ನಿಶ್ಚಯಕ್ಕೆ ಮೊದಲು ಒಂದು ರಕ್ತ ಪರೀಕ್ಷೆ

ಜಮಖಂಡಿ

ಚಿರಂಜೀವಿ ಅಕ್ಷತಾಳಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತ ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಬೆಳಗಾವಿಯ ನಿನ್ನ ರೂಮಿನಲ್ಲಿ ಕೂತು ಸಾವಕಾಶ ಓದು.

ನಿನಗೂ ನಮ್ಮ ಪ್ರವೀಣನಿಗೂ ಮದುವೆ ಮಾಡೋಣ ಅಂತ ನಿಮ್ಮಪ್ಪ ಮತ್ತೆ ಮಾತೆತ್ತಿದ್ದಾನೆ. ನೀನು ಸೊಸೆಯಾಗಿ ಬಂದರೆ ನನಗಿಂತ ಜಾಸ್ತಿ ಖುಷಿ ಯಾರಿಗಾದೀತು? ಆದರೂ ನೀನು ಹೂಂ ಅನ್ನುವ ಮೊದಲು ಒಂದು ವಿಷಯ ತಿಳಿದಿರಬೇಕು. ಮನೆಯಲ್ಲಿ ಬೇರೆ ಯಾರೂ ಇದನ್ನು ಹೇಳುವುದಿಲ್ಲ.

ನನಗೆ ಅಂಡಾಶಯದ ಕ್ಯಾನ್ಸರ್ ಆದದ್ದು ನಿನಗೆ ಗೊತ್ತೇ ಇದೆ. ಮೊದಮೊದಲು ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಗ್ಯಾಸ್ ಅಂತ ಗುಳಿಗೆ ಕೊಟ್ಟು ಕಳಿಸಿದರು. ಆಪರೇಷನ್, ಕೀಮೋ ಆದ ಮೇಲೆ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ಬಿಆರ್‌ಸಿಎ2 ಅನ್ನುವ, ಕೋಶದೊಳಗಿನ ಹಾನಿ ರಿಪೇರಿ ಮಾಡುವ ಜೀನ್ ಕೆಟ್ಟಿರುವುದು ಗೊತ್ತಾಯಿತು. ಹುಟ್ಟಿನಿಂದಲೇ ಬಂದದ್ದು ಅದು. ಅಂಡಾಶಯದ ಕ್ಯಾನ್ಸರ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಹೀಗೆ ಮನೆತನದಿಂದ ಬಂದ ದೋಷ ಇರುತ್ತದಂತೆ. ಅದಕ್ಕೇ ಈ ಕ್ಯಾನ್ಸರ್ ಆದ ಎಲ್ಲರಿಗೂ ಈಗ ಈ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ನಿನ್ನ ಆಯಿ, ಅಂದರೆ ನನ್ನ ಅವ್ವ, 1988ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡಳು. ಮಾಟ ಅಂದವರೂ ಇದ್ದರು. ಈ ಜೀನನ್ನು ಗುರುತಿಸಿದ್ದೇ 1995ರಲ್ಲಿ, ಆಯಿಗೆ ಯಾರು ಏನು ಹೇಳಬೇಕಿತ್ತು! ಅವಳಿಂದಲೇ ನನಗೆ ಬಂತು ಅನ್ನುವುದರಲ್ಲಿ ನನಗಂತೂ ಅನುಮಾನವಿಲ್ಲ.

ಹೋದ ಸಲ ನೀನು, 'ನಮ್ಮ ಅಮ್ಮನ ಕಡೆ ಯಾರಿಗೂ ಇಲ್ಲ ಅತ್ತೆ' ಅಂದೆ. ಎಲ್ಲರೂ ಹೀಗೇ ಲೆಕ್ಕ ಹಾಕುತ್ತಾರೆ. ಈ ಜೀನ್ ಗಂಡು ಹೆಣ್ಣು ನೋಡುವುದಿಲ್ಲ. ಅಪ್ಪನಿಗಿದ್ದರೂ ಮಗಳಿಗೆ ಬರುತ್ತದೆ. ನನ್ನ ತಮ್ಮ, ಅಂದರೆ ನಿಮ್ಮಪ್ಪನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವನಿಗೆ ಬಂದಿದ್ದರೆ ನಿನಗೆ ಅರ್ಧಕ್ಕರ್ಧ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಪ್ರವೀಣನಿಗೂ ಅಷ್ಟೇ. ಗಂಡಸರು ಸುಮ್ನೆ ದಾಟಿಸುವವರಲ್ಲ, ಅವರಿಗೂ ಪ್ರಾಸ್ಟೇಟ್, ಸ್ತನ, ಮೇದೋಜೀರಕದ ಕ್ಯಾನ್ಸರಿನ ಅಪಾಯ ಹೆಚ್ಚು.

ಈಗ ಮದುವೆಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ಅತ್ತೆಯ ಮಗ, ಸೋದರಮಾವ ಅಂತ ಒಳಗೊಳಗೇ ಕೊಟ್ಟು ತರುವುದು ರೂಢಿ. ಹೊಲ ಮನೆ ಹೊರಗೆ ಹೋಗುವುದಿಲ್ಲ ಅನ್ನುತ್ತಾರೆ. ಇಂಥ ಜೀನೂ ಹೊರಗೆ ಹೋಗುವುದಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಒಂದು ವೇಳೆ ನಿಮ್ಮಿಬ್ಬರಲ್ಲೂ ಈ ದೋಷ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನೇ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗುವಿಗೆ ಬರುವುದು ಫ್ಯಾಂಕೋನಿ ಅನೀಮಿಯಾ ಅನ್ನುವ ಕಾಯಿಲೆ. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ಬಿಡುತ್ತದೆ. ಎಳೆ ವಯಸ್ಸಿಗೇ ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆ ಆಗಬಹುದು. ಬಿಆರ್‌ಸಿಎ2ಕ್ಕೂ ಈ ಕಾಯಿಲೆಗೂ ಇರುವ ನಂಟು 2002ರಲ್ಲಿ ಗೊತ್ತಾಯಿತು. ಪ್ರವೀಣನಿಗೆ ಹೇಳಿದಾಗ ಅವನು ತುಂಬಾ ಹೊತ್ತು ಮಾತಾಡಲಿಲ್ಲ.

ಹಾಗಂತ ನೀನೇ ಓಡಿಹೋಗಿ ರಕ್ತ ಕೊಡಬೇಡ. ಸೂಜಿ ಮೊದಲು ಗಂಡಸರಿಗೆ ಚುಚ್ಚಲಿ. ನಿಮ್ಮಮ್ಮ ಮುಧೋಳದ ಬೇರೆ ಮನೆತನದವಳು. ಹಾಗಾಗಿ ನಿಮ್ಮಪ್ಪನಿಗೆ ಇಲ್ಲ ಅಂತಾದರೆ ನಮ್ಮ ಮನೆಯ ಈ ದೋಷ ನಿನಗೂ ಇಲ್ಲ, ನಿನ್ನ ತಮ್ಮನಿಗೂ ಇಲ್ಲ. ಅಲ್ಲಿಗೆ ಮುಗಿಯಿತು. ಪ್ರವೀಣ ತನ್ನ ರಕ್ತ ಕೊಟ್ಟಾಗಿದೆ. ನಿಮ್ಮಪ್ಪ ಮಾತ್ರ 'ನನಗ್ಯಾಕೆ, ಇದು ಹೆಂಗಸರ ರೋಗ' ಅಂತ ಕೂತಿದ್ದಾನೆ. ಮೊದಲು ನಿನ್ನ ಪರೀಕ್ಷೆಯಾಗಿ ಏನಾದರೂ ಬಂದರೆ ಊರವರು ಹುಡುಗಿಯಲ್ಲಿ ದೋಷ ಅನ್ನುತ್ತಾರೆ, ಬಂದದ್ದು ಅತ್ತೆಯ ಮನೆತನದಿಂದಲೇ ಅನ್ನುವುದನ್ನು ಮರೆಯುತ್ತಾರೆ. ಆ ಅವಕಾಶ ಅವರಿಗೆ ಕೊಡಬೇಡ.

ಪರೀಕ್ಷೆ ದೊಡ್ಡ ಕೆಲಸವೇನಲ್ಲ. ನನ್ನ ರಿಪೋರ್ಟಿನ ಝೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ಅದನ್ನು ತೋರಿಸಿದರೆ ಆ ಒಂದು ದೋಷವನ್ನಷ್ಟೇ ಹುಡುಕುತ್ತಾರೆ, ಖರ್ಚೂ ಕಡಿಮೆ. ಬೆಳಗಾವಿಯಲ್ಲೇ ಈಗ ಕೆಎಲ್‌ಇಯವರ ಕ್ಯಾನ್ಸರ್ ಆಸ್ಪತ್ರೆ ಇದೆ, 2025ರ ಜನವರಿಯಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ್ದು. ಎಲ್ಲಿಗೇ ಹೋದರೂ ರಕ್ತ ಕೊಡುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಜೀನ್ ವಿಷಯ ಬಲ್ಲವರು ಕೂತು ತಿಳಿಸಿ ಹೇಳುವುದು, ಕೇಳಿ ಪಡೆಯಿರಿ. ಬರೀ ರಿಪೋರ್ಟ್ ಕೈಗೆ ಕೊಟ್ಟರೆ ನಮಗೇನು ತಿಳಿಯುತ್ತದೆ?

ಒಂದು ವೇಳೆ ನಿನಗೂ ಇದೆ ಅಂತ ಬಂದರೆ? ಬಂದ ಕೂಡಲೇ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ನೂರರಲ್ಲಿ ಒಬ್ಬಳಿಗೆ ಬರುವ ಅಂಡಾಶಯದ ಕ್ಯಾನ್ಸರ್, ಬಿಆರ್‌ಸಿಎ2 ದೋಷ ಇದ್ದವರಲ್ಲಿ ನೂರಕ್ಕೆ 13ರಿಂದ 29 ಮಂದಿಗೆ ಬರುತ್ತದೆ. ಸ್ತನದ್ದು ಇನ್ನೂ ಜಾಸ್ತಿ. ಅದನ್ನು ಬೇಗ ಹಿಡಿಯಲು 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಅಂಡಾಶಯಕ್ಕೆ ಅಂಥ ನಂಬಬಹುದಾದ ತಪಾಸಣೆ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ನೋಡಿದರು. 2021ರಲ್ಲಿ ಲೆಕ್ಕ ಹಾಕಿದಾಗ ಸಾವು ಕಡಿಮೆಯಾಗಿರಲಿಲ್ಲ. ಅದಕ್ಕೇ ಮಕ್ಕಳಾದ ಮೇಲೆ, 40-45ರ ಹೊತ್ತಿಗೆ ಅಂಡಾಶಯ, ಅಂಡನಾಳ ತೆಗೆಸುವುದೇ ಈಗಿರುವ ಗಟ್ಟಿ ದಾರಿ. ಈ ಕ್ಯಾನ್ಸರ್ ಬಹುಪಾಲು ಶುರುವಾಗುವುದೇ ಅಂಡನಾಳದ ತುದಿಯಲ್ಲಿ ಅಂತ ಗೊತ್ತಾದ ಮೇಲೆ, ಮೊದಲು ನಾಳ ಮಾತ್ರ ತೆಗೆದು ಅಂಡಾಶಯವನ್ನು ಕೆಲ ವರ್ಷ ಉಳಿಸಿಕೊಳ್ಳಬಹುದೇ ಅಂತಲೂ ಅಧ್ಯಯನ ನಡೆದಿದೆ. ನಿನ್ನ ಕಾಲಕ್ಕೆ ಅದರ ಉತ್ತರ ಸಿಕ್ಕಿರುತ್ತದೆ ಅನ್ನುವ ಆಸೆ ನನಗೆ. ಒಂದು ಮಾತು ನೆನಪಿಡು. ನಮ್ಮ ಕಡೆ ಸಣ್ಣ ವಯಸ್ಸಿಗೇ ಗರ್ಭಚೀಲ ತೆಗೆಸುವ ಚಾಳಿ ಇದೆ. ಅದರಿಂದ ಈ ಅಪಾಯ ಹೋಗುವುದಿಲ್ಲ, ಅಂಡಾಶಯ ಒಳಗೇ ಉಳಿದಿರುತ್ತದೆ.

ನಾನೀಗ ಒಲಾಪರಿಬ್ ಮಾತ್ರೆ ನುಂಗುತ್ತಿದ್ದೇನೆ. ಕೆಟ್ಟ ಬಿಆರ್‌ಸಿಎ ಇರುವ ಕ್ಯಾನ್ಸರ್ ಕೋಶಕ್ಕೆ ತನ್ನನ್ನು ರಿಪೇರಿ ಮಾಡಿಕೊಳ್ಳಲು ಇರುವ ಇನ್ನೊಂದು ದಾರಿಯನ್ನೂ ಇದು ಮುಚ್ಚುತ್ತದೆ. ನನ್ನಂಥವರ ಒಂದು ಅಧ್ಯಯನದಲ್ಲಿ 7 ವರ್ಷಗಳ ನಂತರ ಈ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 67 ಮಂದಿ ಬದುಕಿದ್ದರು, ತೆಗೆದುಕೊಳ್ಳದವರಲ್ಲಿ ಶೇ. 46.5. ಜೀನ್ ಪರೀಕ್ಷೆ ಮಾಡಿಸದೆ ಇದ್ದಿದ್ದರೆ ಈ ಮಾತ್ರೆ ನನಗೆ ಬರೆಯುತ್ತಲೇ ಇರಲಿಲ್ಲ.

ಈ ವಾರವೇ ಊರಿಗೆ ಬಂದು ನಿಮ್ಮಪ್ಪನ ಬೆನ್ನು ಹತ್ತು. ನೀನು ಹೇಳಿದರೆ ಕೇಳುತ್ತಾನೆ. ಅಲ್ಲಿಯವರೆಗೆ ನಿಶ್ಚಯದ ಮಾತೆತ್ತಿದರೆ ಅತ್ತೆಯೇ ಬೇಡ ಅಂದಿದ್ದಾಳೆ ಅನ್ನು. ಬೈದರೆ ನನ್ನನ್ನೇ ಬೈಯಲಿ.

ನಿನ್ನ ಅತ್ತೆ