ಹೋಗುವವರು ಹೇಳಿ ಹೋಗಬಾರದೇ?

ಮಾನ್ಯ ಸಂಪಾದಕರೇ,

ಬಾಸ್ಕೆಟ್‌ಬಾಲ್ ಆಟಗಾರ ಕವಾಯ್ ಲೆನಾರ್ಡ್ ನಮ್ಮ ಟೊರಾಂಟೊ ರ‍್ಯಾಪ್ಟರ್ಸ್ ತಂಡವನ್ನು ಬಿಟ್ಟು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ಸೇರಲಿರುವ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ವರದಿಯನ್ನು ಓದಿದೆ. ರ‍್ಯಾಪ್ಟರ್ಸ್, ಕ್ಲಿಪ್ಪರ್ಸ್, ಲೇಕರ್ಸ್ ತಂಡಗಳು ಅವರಿಗಾಗಿ ನಡೆಸಿದ ಪೈಪೋಟಿಯನ್ನು ಚೆನ್ನಾಗಿಯೇ ಬಣ್ಣಿಸಿದ್ದೀರಿ. ಆದರೆ ಈ ಊರಿನಲ್ಲಿ ಇರುವವರು ಒಂದು ವಾರ ಪಟ್ಟ ಪಾಡು ಅದರಲ್ಲಿ ಒಂದು ಸಾಲಿನಷ್ಟೂ ಇಲ್ಲ.

ಜುಲೈ 3ರ ಬುಧವಾರ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನನ್ನ ತಾಯಿಯನ್ನು ಮನೆಗೆ ಕರೆತರುತ್ತಿದ್ದೆ. ಅದೇ ದಿನ ಸುದ್ದಿವಾಹಿನಿಯೊಂದರ ಹೆಲಿಕಾಪ್ಟರ್, ಲೆನಾರ್ಡ್ ಬಂದರೆಂದು, ಪಿಯರ್ಸನ್ ವಿಮಾನ ನಿಲ್ದಾಣದಿಂದ ಹೊರಟ ಕಪ್ಪು ಕಾರುಗಳನ್ನು ಹೋಟೆಲಿನವರೆಗೆ ಹಿಂಬಾಲಿಸಿ ನೇರ ಪ್ರಸಾರ ಮಾಡಿತು. ಅದನ್ನು ಕಂಡವರೆಲ್ಲ ಹೋಟೆಲಿನ ಮುಂದೆ ಜಮಾಯಿಸಿದರು. ಟ್ಯಾಕ್ಸಿಯವನು ಮುಂದೆ ಹೋಗಲಾಗದೆಂದು ನಮ್ಮನ್ನು ಎರಡು ಬೀದಿ ಈಚೆಗೇ ಇಳಿಸಿಬಿಟ್ಟ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮ ನನ್ನ ಕೈ ಹಿಡಿದು ಆ ಜನರ ನಡುವೆ ನಡೆಯುತ್ತಾ, ‘ಯಾವ ಮಂತ್ರಿ ಬಂದಿದ್ದಾರಪ್ಪ?’ ಎಂದು ಕೇಳಿದರು. ಒಬ್ಬ ಆಟಗಾರನ ಮನಸ್ಸು ಬದಲಾಗಲೆಂದು ಕಾಯುತ್ತಿದ್ದಾರೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಶುಕ್ರವಾರ ರಾತ್ರಿಯದು ಇನ್ನೊಂದು ಕಥೆ. ಮೇ 12ರಂದು ಫಿಲಡೆಲ್ಫಿಯಾ ತಂಡದ ಎದುರು ಲೆನಾರ್ಡ್ ಎಸೆದ ಚೆಂಡು ಬುಟ್ಟಿಯ ಬಳೆಯ ಮೇಲೆ ನಾಲ್ಕು ಬಾರಿ ಪುಟಿದು ಒಳಗೆ ಬಿದ್ದ ದಿನದಿಂದ ಅವರ 2ನೇ ಸಂಖ್ಯೆಯ ಅಂಗಿಯನ್ನು ಮೈಮೇಲಿಂದ ತೆಗೆಯದ ನನ್ನ ಹನ್ನೊಂದು ವರ್ಷದ ಮಗ, ನಡುರಾತ್ರಿ ಕಳೆದು ಅವರು ಹೋಗುವ ಸುದ್ದಿ ಬರುವವರೆಗೂ ಎಚ್ಚರವಿದ್ದು ಅಳುತ್ತಾ ಮಲಗಿದ. ಗೆಳೆಯರು ಮೂವರು ಸೇರಿ ಮುಂದಿನ ಸಾಲಿನ ಪಂದ್ಯಗಳಿಗೆ ಕಟ್ಟಿದ ಮುಂಗಡವಂತೂ ಹಿಂದಿರುಗುವುದಿಲ್ಲವಂತೆ.

ಲೆನಾರ್ಡ್ ದಕ್ಷಿಣ ಕ್ಯಾಲಿಫೋರ್ನಿಯಾದವರು, ಹುಟ್ಟೂರಿನ ಕಡೆಗೆ ಹೋಗುವ ಹಕ್ಕು ಅವರಿಗಿದೆ. ಟೊರಾಂಟೊ ಐದು ವರ್ಷಕ್ಕೆ ಸುಮಾರು 19 ಕೋಟಿ ಡಾಲರ್ ಕೊಡಬಹುದಿತ್ತು, ಉಳಿದ ತಂಡಗಳು ನಾಲ್ಕು ವರ್ಷಕ್ಕೆ ಸುಮಾರು 14 ಕೋಟಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆದ್ದರಿಂದ ಹಣಕ್ಕಾಗಿ ಹೋದರೆಂದು ಯಾರೂ ಹೇಳಲಾಗದು. 2018ರ ಜುಲೈನಲ್ಲಿ, ಒಂಬತ್ತು ಋತು ನಮಗಾಗಿ ಆಡಿದ ಡಿಮಾರ್ ಡಿರೋಜನ್ ಅವರನ್ನು ಸ್ಯಾನ್ ಆಂಟೋನಿಯೊ ತಂಡಕ್ಕೆ ಕಳುಹಿಸಿ ಇದೇ ಲೆನಾರ್ಡ್ ಅವರನ್ನು ತಂದಾಗ ನಾವೂ ಚಪ್ಪಾಳೆ ತಟ್ಟಿದವರೇ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಮೂರು ತಂಡಗಳನ್ನೂ ಆರು ದಿನ ಕಾಯಿಸಿ, ಅಷ್ಟರಲ್ಲಿ ಇನ್ನೊಬ್ಬ ಹೆಸರಾಂತ ಆಟಗಾರ ಪಾಲ್ ಜಾರ್ಜ್ ಕೂಡ ಕ್ಲಿಪ್ಪರ್ಸ್‌ಗೆ ಬರುವಂತೆ ಏರ್ಪಾಡಾದದ್ದು ಸರಿಯೇ? ಅದಕ್ಕಾಗಿ ಕ್ಲಿಪ್ಪರ್ಸ್ ಜಾರ್ಜ್ ಇದ್ದ ಒಕ್ಲಹೋಮ ಸಿಟಿ ತಂಡಕ್ಕೆ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಐದು ಮೊದಲ ಸುತ್ತಿನ ಅವಕಾಶಗಳ ಜೊತೆಗೆ, ಇದೇ ಟೊರಾಂಟೊದಲ್ಲಿ ಹುಟ್ಟಿದ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಎಳೆಯ ಆಟಗಾರನನ್ನೂ ಕೊಟ್ಟಿತು. ಆ ಹುಡುಗನ ಇಷ್ಟವನ್ನು ಯಾರು ಕೇಳಿದರು?

ಎನ್‌ಬಿಎ ಎಂಬ ಈ ಬಾಸ್ಕೆಟ್‌ಬಾಲ್ ಲೀಗಿನ ಅಧಿಕಾರಿಗಳ ವಿಷಯಕ್ಕೆ ಬಂದರೆ, ಅವರ ನಿಯಮಗಳು ಕಾಗದದ ಮೇಲಷ್ಟೇ ಇವೆ. ತರಬೇತುದಾರ ಡಾಕ್ ರಿವರ್ಸ್ ಟಿ.ವಿ.ಯಲ್ಲಿ, ಆಗಿನ್ನೂ ಬೇರೆ ತಂಡದಲ್ಲಿದ್ದ ಲೆನಾರ್ಡ್ ಅವರನ್ನು ಮೈಕೆಲ್ ಜೋರ್ಡನ್‌ಗೆ ಹೋಲಿಸಿದ್ದಕ್ಕಾಗಿ ಅವರ ಕ್ಲಿಪ್ಪರ್ಸ್‌ಗೆ 50,000 ಡಾಲರ್ ದಂಡ ಹಾಕಿದವರು, ಜೂನ್ 30ರ ಸಂಜೆ 6 ಗಂಟೆಗೆ ಆರಂಭವಾಗಬೇಕಿದ್ದ, ಒಪ್ಪಂದ ಮುಗಿದ ಆಟಗಾರರೊಂದಿಗಿನ ಮಾತುಕತೆಗಳ ಫಲಿತಾಂಶ ಅದಕ್ಕೂ ಮೊದಲೇ ಸುದ್ದಿಯಾದಾಗ ಕಣ್ಣುಮುಚ್ಚಿ ಕುಳಿತಿದ್ದರು. ಊರಿನ ಅಧಿಕಾರಿಗಳೂ ಇವರಿಗಿಂತ ಮೇಲಲ್ಲ. ನಮ್ಮ ತಂಡ ಪ್ರಶಸ್ತಿ ಗೆದ್ದ ಸಂಭ್ರಮಕ್ಕೆ ನಡೆದ ಜೂನ್ 17ರ ವಿಜಯಯಾತ್ರೆಗೆ ಲಕ್ಷಾಂತರ ಜನ ಬರುತ್ತಾರೆಂದು ತಿಳಿದೂ ಸರಿಯಾದ ಸಿದ್ಧತೆ ಇರಲಿಲ್ಲ. ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದೆವು, ಚೌಕದಲ್ಲಿ ಗುಂಡು ಹಾರಿ ನಾಲ್ವರು ಗಾಯಗೊಂಡರು, ನಾನು ಮಗನನ್ನು ಹೆಗಲ ಮೇಲೆ ಹೊತ್ತು ಓಡಿದೆ. ಅಷ್ಟಾದ ಮೇಲೂ ಮೂರೇ ವಾರದೊಳಗೆ ಅದೇ ಜನ, ಅದೇ ಬೀದಿ, ಅದೇ ಅವ್ಯವಸ್ಥೆ.

ಆದ್ದರಿಂದ ಎನ್‌ಬಿಎ ಇಂಥ ಆಟಗಾರರ ನಿರ್ಧಾರಕ್ಕೆ ಒಂದು ಗಡುವು ಗೊತ್ತುಮಾಡಲಿ, ಅಥವಾ ಈ ಗುಟ್ಟಿನ ಮಾತುಕತೆಗಳನ್ನೇ ನಿಲ್ಲಿಸಲಿ; ಜನವಸತಿಯ ಮೇಲೆ ಹೆಲಿಕಾಪ್ಟರ್ ಹಾರಿಸುವವರಿಗೆ ಸಂಬಂಧಪಟ್ಟವರು ಬುದ್ಧಿ ಹೇಳಲಿ. ಕೋಟಿಗಟ್ಟಲೆ ಡಾಲರ್ ಲೆಕ್ಕ ಹಾಕಬಲ್ಲ ಇಷ್ಟೊಂದು ದೊಡ್ಡವರಿಗೆ, ಕಾದು ಕುಳಿತವರಿಗೆ ಬರುತ್ತೇವೆ, ಇಲ್ಲವೇ ಬರುವುದಿಲ್ಲ ಎಂದು ಹಗಲು ಹೊತ್ತಿನಲ್ಲಿ ಒಂದು ಮಾತು ಹೇಳುವ ಸೌಜನ್ಯವೂ ಇಲ್ಲವೇ?

— ಹಾಸನ ಮೂಲದ ಓದುಗ, ಟೊರಾಂಟೊ
ಜುಲೈ 7, 2019