ಮೈನಸ್ 12 ವೋಲ್ಟ್ ಬದಿಯನ್ನೂ ಬಿಡಿಸಿ ತೋರಿಸಿ

ಸಂಪಾದಕರಿಗೆ,

ಮಾನ್ಯರೇ,

ವಿದ್ಯುನ್ಮಾನ ವಾದ್ಯವಾದ ಸಿಂಥಸೈಜರ್‌ನ ಮಾಡ್ಯೂಲನ್ನು, ಅಂದರೆ ಅದರ ಒಂದು ಘಟಕವನ್ನು, ಮನೆಯಲ್ಲೇ ಕಟ್ಟುವ ಬಗೆಯನ್ನು ವಿವರಿಸಿದ ಲೇಖನವೊಂದನ್ನು ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಓದಿ ಸಂತೋಷವಾಯಿತು. ಇಂಥ ವಿಷಯಗಳು ಕನ್ನಡದಲ್ಲಿ ಬರುವುದೇ ಅಪರೂಪ. ಆದರೆ ಸ್ವರ ಹುಟ್ಟಿಸುವ ಆಸಿಲೇಟರ್‌ಗೆ ಕೊಟ್ಟ ಗಮನದ ಅರ್ಧದಷ್ಟೂ, ಅದಕ್ಕೆ ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್ ಎರಡನ್ನೂ ಕೊಡಬೇಕಾದ ವಿದ್ಯುತ್ ಪೂರೈಕೆಗೆ ಸಿಕ್ಕಿಲ್ಲ. 12-0-12 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯ ಎರಡೂ ಬದಿಗೆ 12 ವೋಲ್ಟ್ ಎಸಿ ಕೊಡುವಂಥದ್ದು) ತಂದು, ಪ್ಲಸ್ ಬದಿಯಂತೆಯೇ ಮೈನಸ್ ಬದಿಯನ್ನೂ ಜೋಡಿಸಿಕೊಳ್ಳಬೇಕೆಂದು ಒಂದೇ ಮಾತಿನಲ್ಲಿ ಮುಗಿಸಲಾಗಿದೆ. ಶಿರಸಿಯಲ್ಲಿ ಆಂಪ್ಲಿಫೈಯರ್ ದುರಸ್ತಿ ಮಾಡಿಕೊಂಡಿರುವ ನನಗೆ ಈ ಎರಡೂ ಸಲಹೆಗಳು ಆತಂಕ ತಂದವು.

ಮೊದಲು ಟ್ರಾನ್ಸ್‌ಫಾರ್ಮರ್ ವಿಷಯ. 12 ವೋಲ್ಟ್ ಎಸಿಯ ಶಿಖರ ಸುಮಾರು 17 ವೋಲ್ಟ್, ಡಯೋಡ್‌ನಲ್ಲಿ 0.7 ಕಳೆಯುತ್ತದೆ. ನಾಲ್ಕಾರು ಮಾಡ್ಯೂಲ್‌ಗಳು ಸೇರಿ ಅರ್ಧ ಆಂಪಿಯರ್ ಎಳೆದರೆ, 4700 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೂ 100 ಹರ್ಟ್ಸ್‌ನ ಏರಿಳಿತ ಒಂದು ವೋಲ್ಟಿನಷ್ಟು ಉಳಿಯುತ್ತದೆ. ಹೀಗೆ ತಗ್ಗಿನಲ್ಲಿ ಕೈಗೆ ಬರುವುದು 15.3 ವೋಲ್ಟ್. ಪ್ಲಸ್ ಬದಿಯ ವೋಲ್ಟೇಜನ್ನು 12ಕ್ಕೆ ಸ್ಥಿರವಾಗಿ ನಿಲ್ಲಿಸುವ 7812 ರೆಗ್ಯುಲೇಟರ್‌ಗೆ ತನ್ನ 12ರ ಮೇಲೆ ಕನಿಷ್ಠ ಎರಡು, ಎರಡೂವರೆ ವೋಲ್ಟ್ ಬೇಕು. ಮನೆಯ ಸಾಲಿನಲ್ಲಿ ಪೂರ್ತಿ 230 ವೋಲ್ಟ್ ಇರುವವರೆಗೆ ಇದು ಹೇಗೋ ನಡೆದೀತು. ಆದರೆ ನಮ್ಮ ಭಾಗದ ಹಳ್ಳಿಗಳಲ್ಲಿ ಬೇಸಿಗೆಯ ಸಂಜೆ ಅಡಿಕೆ ತೋಟದ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದಾಗ ದೀಪ ಮಂಕಾಗುವುದನ್ನು ಕಾಣದವರಿಲ್ಲ. ಸಾಲು 200 ವೋಲ್ಟಿಗೆ ಇಳಿದರೆ ರೆಗ್ಯುಲೇಟರ್‌ಗೆ ಸಿಗುವುದು ಸುಮಾರು 13 ವೋಲ್ಟ್ ಮಾತ್ರ. ಅದು ತನ್ನ ಕೆಲಸ ಬಿಟ್ಟು ಏರಿಳಿತವನ್ನು ಹಾಗೆಯೇ ಮುಂದಕ್ಕೆ ಬಿಡುತ್ತದೆ, ಸ್ಪೀಕರ್ ಗುಂಯ್‌ಗುಡುತ್ತದೆ. 15-0-15 ಹಾಕಿದರೆ ಅದೇ ಸ್ಥಿತಿಯಲ್ಲೂ 16.7 ವೋಲ್ಟ್ ಉಳಿಯುತ್ತದೆ. ಇದರಿಂದ ರೆಗ್ಯುಲೇಟರ್ ಹೆಚ್ಚು ಬಿಸಿಯಾಗುವುದು ನಿಜ. ಅರ್ಧ ಆಂಪಿಯರ್‌ಗೆ ಒಂದೊಂದೂ ಸುಮಾರು ನಾಲ್ಕು ವ್ಯಾಟ್ ಉಷ್ಣ ಹೊರಹಾಕಬೇಕಾಗುವುದರಿಂದ ಹೀಟ್‌ಸಿಂಕ್ ಬೇಕೇ ಬೇಕು, ಕೆಪ್ಯಾಸಿಟರ್‌ಗಳೂ 35 ವೋಲ್ಟಿನವಾಗಿರಬೇಕು.

ಇನ್ನು ಮೈನಸ್ ಬದಿ. 7812ರ ಕಾಲುಗಳು ಕ್ರಮವಾಗಿ ಇನ್‌ಪುಟ್, ಗ್ರೌಂಡ್ (ಸೊನ್ನೆ ವೋಲ್ಟಿನ ಸಾಲು), ಔಟ್‌ಪುಟ್. ಮೈನಸ್ ಬದಿಯ ರೆಗ್ಯುಲೇಟರ್ ಆದ 7912ರಲ್ಲಿ ಅವು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ, ಪ್ಲಸ್ ಬದಿಯಂತೆಯೇ ಬೆಸುಗೆ ಹಾಕಿದ ವಿದ್ಯಾರ್ಥಿಯ 7912 ಸುಟ್ಟುಹೋಗುವ ಸಂಭವವೇ ಹೆಚ್ಚು. ಅದರ ಲೋಹದ ಬೆನ್ನು ಕೂಡ ಗ್ರೌಂಡ್ ಅಲ್ಲ, ಇನ್‌ಪುಟ್; ವಿದ್ಯುತ್ ತಡೆಯುವ ಮೈಕಾ ಹಾಳೆಯಿಲ್ಲದೆ ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ಬಿಗಿದರೆ ನೇರ ಶಾರ್ಟ್ ಆಗುತ್ತದೆ. ಈ ಬದಿಯ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು. ತಿರುಗುಮುರುಗಾದರೆ ಅದು ಸಿಡಿದು ಕಣ್ಣಿಗೆ ಹಾನಿಯಾದೀತು. 7912ರ ಔಟ್‌ಪುಟ್‌ಗೆ ಕೆಪ್ಯಾಸಿಟರ್ ಇಲ್ಲದಿದ್ದರೆ ಅದು ಸ್ಥಿರವಾಗಿ ನಿಲ್ಲುವುದೂ ಇಲ್ಲ. 1 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಅಥವಾ 25 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಅನ್ನು ಕಾಲಿನ ಬುಡದಲ್ಲೇ ಹಾಕಬೇಕು.

ಇಷ್ಟು ಸೂಕ್ಷ್ಮ ಏಕೆ ಎಂದು ಕೇಳುವವರಿಗೆ ಶ್ರುತಿಯೇ ಉತ್ತರ. ಈ ಮಾಡ್ಯೂಲ್‌ಗಳಲ್ಲಿ ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರುತ್ತದೆ. ಅಂದರೆ ಅರ್ಧಸ್ವರಕ್ಕೆ ಸಿಗುವುದು ಬರೀ 83 ಮಿಲಿವೋಲ್ಟ್. ಶ್ರುತಿ ಹೊಂದಿಸುವ ಗುಂಡಿ ಅನೇಕ ವಿನ್ಯಾಸಗಳಲ್ಲಿ ತನ್ನ ವೋಲ್ಟೇಜನ್ನು ಇದೇ ಪ್ಲಸ್ ಮತ್ತು ಮೈನಸ್ ಸಾಲುಗಳಿಂದ ಪಡೆಯುತ್ತದೆ. ಹಾಗೆ ಪಡೆದ 5 ವೋಲ್ಟಿನಲ್ಲಿ ನೂರಕ್ಕೆ ಒಂದು ಪಾಲು ಕದಲಿದರೂ ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು ತಪ್ಪುತ್ತದೆ. ಭಾಗವತರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಗುರುತಿಸುವ ಯಕ್ಷಗಾನದ ಪ್ರೇಕ್ಷಕರಿರುವ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳು ಕಟ್ಟುವ ವಾದ್ಯ ಶ್ರುತಿ ನಿಲ್ಲದ ಆಟಿಕೆಯಾಗಬಾರದು.

ಗ್ರೌಂಡ್ ತಂತಿಯನ್ನು ಪ್ರತಿ ಮಾಡ್ಯೂಲಿಗೂ ಒಂದೇ ಬಿಂದುವಿನಿಂದ ದಪ್ಪವಾಗಿ ಎಳೆಯಬೇಕು. ಕಾರವಾರ, ಅಂಕೋಲಾದಂಥ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಕನೆಕ್ಟರ್‌ಗಳು ಕಿಲುಬುವುದರಿಂದ ಮಳೆಗಾಲ ಕಳೆದ ಮೇಲೆ ಅವುಗಳನ್ನು ಪರೀಕ್ಷಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಜೀವದ ಮಾತು. ಟ್ರಾನ್ಸ್‌ಫಾರ್ಮರ್‌ನ 230 ವೋಲ್ಟ್ ಬದಿಯನ್ನು ಹೈಸ್ಕೂಲಿನ ಮಕ್ಕಳು ಮುಟ್ಟಲೇಬಾರದು. ಬಲ್ಲವರೊಬ್ಬರು ಫ್ಯೂಸ್ ಹಾಕಿ, ಅರ್ತ್ ಕೊಟ್ಟು, ಅದನ್ನು ಬೇರೆಯೇ ಪೆಟ್ಟಿಗೆಯಲ್ಲಿ ಮುಚ್ಚಿ, 15-0-15ರ ಮೂರು ತಂತಿಗಳನ್ನಷ್ಟೇ ಹೊರಗೆ ಬಿಟ್ಟುಕೊಡಬೇಕು. ಮುಂದಿನ ಸಂಚಿಕೆಯಲ್ಲಿ ಈ ಎಚ್ಚರಿಕೆಯನ್ನೂ ಎರಡು ರೆಗ್ಯುಲೇಟರ್‌ಗಳ ಕಾಲುಗಳ ಚಿತ್ರವನ್ನೂ ಅಕ್ಕಪಕ್ಕದಲ್ಲಿ, ಹಿಂದಿನ ಲೇಖನದಷ್ಟೇ ದೊಡ್ಡದಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಶಿರಸಿ