ಭಾನುವಾರದ ಚರ್ಚೆ: ಅಗ್ಗದ ಡ್ರೋನ್, ದುಬಾರಿ ಮಿಸೈಲ್

ಎಲ್ರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ಆನ್‌ಲೈನ್ ಚರ್ಚೆ ಇದೆ, ವಿಷಯ ಯುದ್ಧನೌಕೆಗಳು ಡ್ರೋನ್ ಹೊಡೆಯೋಕೆ ಮಾಡೋ ಖರ್ಚು. ಮಾತಾಡೋಕೆ ಹೆಸರು ಕೊಟ್ಟಿರೋ ನಾಲ್ಕು ಜನ ಶನಿವಾರದೊಳಗೆ ಪಾಯಿಂಟ್ಸ್ ಇಲ್ಲೇ ಹಾಕ್ಬಿಡಿ.

ಉಳಿದೋರಿಗೆ ಸ್ವಲ್ಪ ಹಿನ್ನೆಲೆ. 2023ರ ಅಕ್ಟೋಬರ್‌ನಿಂದ ಕೆಂಪು ಸಮುದ್ರದಲ್ಲಿ ಹೂತಿಗಳ (ಯೆಮೆನ್‌ನ ಸಶಸ್ತ್ರ ಗುಂಪು) ಡ್ರೋನ್, ಮಿಸೈಲ್‌ಗಳನ್ನ ಅಮೆರಿಕದ ನೌಕೆಗಳು ಎಸ್‌ಎಂ-2 ಥರದ ಮಿಸೈಲ್‌ನಿಂದ ಹೊಡೆದು ಉರುಳಿಸಿದ್ವು, ಅಂಥದ್ದು ಒಂದಕ್ಕೆ ಸುಮಾರು 20 ಲಕ್ಷ ಡಾಲರ್, ಎದುರಿಗೆ ಬರೋ, ಇರಾನ್‌ನ ಶಾಹೆದ್ ಥರದ ಡ್ರೋನ್‌ಗೆ ಅಂದಾಜು 20ರಿಂದ 50 ಸಾವಿರ ಡಾಲರ್ ಅಷ್ಟೇ. ಆದ್ರೆ ದಯವಿಟ್ಟು ಇಷ್ಟಕ್ಕೇ ನಿಲ್ಲಿಸ್ಬೇಡಿ, ಆ ಡ್ರೋನ್ ಬಿಟ್ಟುಬಿಟ್ರೆ ಏನಾಗತ್ತೆ ಅನ್ನೋದೂ ಲೆಕ್ಕಕ್ಕೆ ಬರ್ಬೇಕು, ಒಂದು ಡೆಸ್ಟ್ರಾಯರ್ ಯುದ್ಧನೌಕೆಯಲ್ಲಿ ಸುಮಾರು 300 ಜನ ಇರ್ತಾರೆ.

ನನಗೆ ದುಡ್ಡಿಗಿಂತ ಚಿಂತೆ ಅನ್ಸೋದು ಮಿಸೈಲ್ ಸ್ಟಾಕ್. ಅಮೆರಿಕದ ಆರ್ಲೀ ಬರ್ಕ್ ಥರದ ಡೆಸ್ಟ್ರಾಯರ್‌ನಲ್ಲಿ ಇರೋದೇ 90ರಿಂದ 96 ಲಾಂಚ್ ಸೆಲ್ (ಮಿಸೈಲ್ ಇಟ್ಟು ಹಾರಿಸೋ ಗೂಡು), ಖಾಲಿಯಾದ್ರೆ ಮಾಮೂಲಾಗಿ ಬಂದರಿಗೆ ವಾಪಸ್ ಹೋಗಿ ಕ್ರೇನ್‌ನಿಂದ ಒಂದೊಂದೇ ಮಿಸೈಲ್ ಡಬ್ಬಿ ನೆಟ್ಟಗೆ ಹಿಡಿದು ಸೆಲ್ ಒಳಗೆ ಇಳಿಸ್ಬೇಕು, ಅಷ್ಟು ದಿನ ಆ ಜಾಗ ಕಾಯೋರು ಯಾರು? ಇದರ ಮೇಲೆ ಜಾಸ್ತಿ ಟೈಮ್ ಕೊಡೋಣ.

ಮಿಸೈಲ್ ಬದಲು ತೋಪು, ಲೇಸರ್‌ನಿಂದ ಡ್ರೋನ್ ಹೊಡೆಯೋದರ ಬಗ್ಗೆ ಮಾತಾಡೋಕೆ ಇಬ್ರು ಬೇಕು. ಬ್ರಿಟನ್‌ನ ಡ್ರ್ಯಾಗನ್‌ಫೈರ್ ಲೇಸರ್‌ನಿಂದ ಒಂದು ಸಲ ಹೊಡೆಯೋಕೆ ಸುಮಾರು 10 ಪೌಂಡ್ ಅಂತ ಅಲ್ಲಿನ ಸರ್ಕಾರ ಹೇಳತ್ತೆ, ಮಂಜು ಧೂಳಲ್ಲಿ ಲೇಸರ್ ಬಲ ಕುಗ್ಗತ್ತೆ ಅನ್ನೋದನ್ನೂ ಸೇರಿಸಿ.

ಬರೋರು ಶುಕ್ರವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಹಾಕಿ, ಲಿಂಕ್ ಭಾನುವಾರ ಬೆಳಿಗ್ಗೆ ಕಳಿಸ್ತೀನಿ.